ಇಪ್ಪತ್ತೆರಡನೇ ಸ್ಪ್ಯಾನರ್

ಇಂದ:
ಗೌರೀಶ ಬಿನ್ ರುದ್ರಯ್ಯ, 26 ವರ್ಷ,
ವಿಮಾನ ಮೆಕ್ಯಾನಿಕ್ (ಸದ್ಯ ವಿಮಾನವಿಲ್ಲ),
ಕೊರವಂಗಲ, ಹಾಸನ ತಾಲ್ಲೂಕು.

ಗೆ:
ನೇಮಕಾತಿ ವ್ಯವಸ್ಥಾಪಕರು,
ತಮ್ಮ ವಿಮಾನಯಾನ ಸಂಸ್ಥೆ, ಬೆಂಗಳೂರು.

ವಿಷಯ: ಟ್ರ್ಯಾಕ್ಟರ್ ಶೆಡ್ಡಿನ ಅನುಭವವನ್ನು ಅನುಭವವೆಂದು ಪರಿಗಣಿಸುವ ಬಗ್ಗೆ.

ಉಲ್ಲೇಖ:
1. ‘ದೇಶದಲ್ಲಿ ವಿಮಾನ ಮೆಕ್ಯಾನಿಕ್‌ಗಳ ತೀವ್ರ ಕೊರತೆಯಿದೆ’ ಎಂಬ ತಮ್ಮ ಮುಖ್ಯಸ್ಥರ ಪತ್ರಿಕಾ ಹೇಳಿಕೆ, ಜೂನ್ 3, ಪುಟ 9.
2. ಅರ್ಜಿದಾರನನ್ನು ಐದನೇ ಬಾರಿ ತಿರಸ್ಕರಿಸಿದ ತಮ್ಮ ಇಮೇಲ್, ಅದೇ ದಿನ, ಬೆಳಿಗ್ಗೆ 10.40.

ಮಾನ್ಯರೇ,

1. ಅರ್ಜಿದಾರನು ವಿಮಾನ ದುರಸ್ತಿ ಕೋರ್ಸ್ ಮುಗಿಸಿ ಮೂರು ವರ್ಷವಾಗಿದೆ. ಕೆಲಸಕ್ಕೆ ಲೈಸೆನ್ಸ್ ಬೇಕೆಂದು ತಾವು ತಿಳಿಸಿದ್ದೀರಿ. ಲೈಸೆನ್ಸ್ ಕೊಡುವವರು, ಮೊದಲು ವಿಮಾನದ ಮೇಲೆ ಕೆಲಸ ಮಾಡಿರಬೇಕು ಎಂದಿದ್ದಾರೆ. ಎರಡೂ ನಿಯಮಬದ್ಧ. ಕಾರಣ, ಅವನು ಚನ್ನರಾಯಪಟ್ಟಣದ ಅನಿಲ್‌ಕುಮಾರ್ ಅವರ ಟ್ರ್ಯಾಕ್ಟರ್ ಶೆಡ್ಡಿಗೆ ಸೇರಿದನು.

2. ಕೆಲಸಕ್ಕೆ ಮೊದಲು ಮತ್ತು ನಂತರ ಉಪಕರಣಗಳನ್ನು ಎಣಿಸಬೇಕು, ಒಂದು ಕಡಿಮೆಯಾದರೂ ವಿಮಾನ ಬಿಡಕೂಡದು ಎಂಬುದು ಕೋರ್ಸಿನ ಮೊದಲ ಪಾಠ. ಶೆಡ್ಡಿನಲ್ಲೂ ಅವನು ಎಣಿಸುತ್ತಿದ್ದನು. ಉಳಿದವರು ಅವನನ್ನು ಪೈಲಟ್ ಎನ್ನುತ್ತಿದ್ದರು. ಪೈಲಟ್ ಬೇರೆ, ಮೆಕ್ಯಾನಿಕ್ ಬೇರೆ ಎಂದು ಅವನು ಪ್ರತಿ ಸಲ ತಿದ್ದುತ್ತಿದ್ದನು.

3. ಮೇ 19ರಂದು ಹೊಳೆನರಸೀಪುರ ಕಡೆಯ ನಂಜಪ್ಪನವರ ಟ್ರ್ಯಾಕ್ಟರಿಗೆ ಹೊಸ ಕ್ಲಚ್ ಹಾಕಲಾಯಿತು. ಎಣಿಸಿದಾಗ ಇಪ್ಪತ್ತೆರಡು ಸ್ಪ್ಯಾನರ್‌ಗಳಲ್ಲಿ ಇಪ್ಪತ್ತೊಂದಿದ್ದವು. ಆದ್ದರಿಂದ ಅರ್ಜಿದಾರನು ಕೀಲಿ ಕೊಡಲಿಲ್ಲ. ಅದು ಆಲೂಗಡ್ಡೆ ಬಿತ್ತನೆಯ ವಾರ. ನಂಜಪ್ಪನವರು ಅವನ ವಂಶವನ್ನು ಮೂರು ತಲೆಮಾರಿನವರೆಗೆ ವಿಚಾರಿಸಿ, ಕೊನೆಗೆ ಕೇಳಿದರು: “ಲೇ, ಇದೇನ್ ಮ್ಯಾಲಕ್ ಆರ್ತದೇನ್ಲಾ? ಒಲಕ್ಕೆ ಓಯ್ತದೆ ಕಣ್ಲಾ!”

4. ಎರಡನೇ ದಿನ ಶೆಡ್ಡನ್ನೆಲ್ಲ ಗುಡಿಸಿ ಹುಡುಕಿದ ಮೇಲೆ, ಅರ್ಜಿದಾರನು ಟ್ರ್ಯಾಕ್ಟರನ್ನು ಮತ್ತೆ ಬಿಚ್ಚಿ ಎರಡು ಭಾಗ ಮಾಡಿದನು. ಸ್ಪ್ಯಾನರ್ ಕ್ಲಚ್ಚಿನ ಗೂಡಿನೊಳಗಿತ್ತು. ಅಲ್ಲಿ ಬಿಟ್ಟವನು ಅರ್ಜಿದಾರನೇ. ಇದನ್ನು ಬರೆಯಬೇಡವೆಂದು ತಂದೆ ಹೇಳಿದ್ದಾರೆ. ಆದರೆ ಇದು ಸತ್ಯಾಂಶ. ಎಣಿಸದಿದ್ದರೆ ಉಳುಮೆಯ ಮೊದಲ ಸಾಲಿನಲ್ಲೇ ಹೊಸ ಕ್ಲಚ್ ಪುಡಿಯಾಗುತ್ತಿತ್ತು.

5. ಅಷ್ಟರಲ್ಲಿ ಸರದಿಯಲ್ಲಿದ್ದ ನಾಲ್ಕು ಟ್ರ್ಯಾಕ್ಟರ್‌ಗಳು ಎದುರಿನ ಶೆಡ್ಡಿಗೆ ಹೋಗಿದ್ದವು. “ನೀನು ಇಮಾನಕ್ಕೇ ಸರಿ ಕಣಪ್ಪ. ನಾಳಿಂದ ಅಲ್ಲಿಗೇ ಓಗು,” ಎಂದು ಅನಿಲ್‌ಕುಮಾರ್ ತಿಳಿಸಿದರು. ಈ ರೀತಿ ಅರ್ಜಿದಾರನು ವಿಮಾನದವನೆಂಬ ಕಾರಣಕ್ಕೆ ಶೆಡ್ಡಿನಿಂದಲೂ, ಶೆಡ್ಡಿನವನೆಂಬ ಕಾರಣಕ್ಕೆ ವಿಮಾನದಿಂದಲೂ ಹೊರಗಿದ್ದಾನೆ.

6. ಅವನ ಪರವಾಗಿ ಮಾತಾಡಿದವರು ಒಬ್ಬರೇ. ಸ್ಪ್ಯಾನರನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ ನಂಜಪ್ಪನವರು, “ಇವ್ನು ಬುಟ್ಟ ಇಮಾನ್ದಲ್ಲಿ ನಾನು ಕಣ್ಮುಚ್ಕಂಡು ಕೂತ್ಕತೀನಿ,” ಎಂದರು. ಅದನ್ನೇ ಬರೆದು ರುಜು ಮಾಡಿದ್ದಾರೆ.

ಆದ್ದರಿಂದ, ಉಲ್ಲೇಖ 1ರ ಕೊರತೆಯಲ್ಲಿ ಒಬ್ಬನನ್ನು ಕಡಿಮೆ ಮಾಡಲು ಅರ್ಜಿದಾರನಿಗೆ ಕೆಲಸ ಕೊಡಬೇಕಾಗಿ ಕೋರಿಕೆ. ಅದಾಗದಿದ್ದಲ್ಲಿ ಉಲ್ಲೇಖ 1ನ್ನು ಅದೇ ಪುಟ 9ರಲ್ಲಿ ಹಿಂಪಡೆಯುವುದು.

ಐದು ತಿರಸ್ಕಾರಗಳ ನಂತರವೂ ತಮ್ಮ ವಿಶ್ವಾಸಿ,
ಗೌರೀಶ
ಕೊರವಂಗಲ, ಜೂನ್ 9

ಅಡಕಗಳು:
1. ಅಂಕಪಟ್ಟಿಗಳು.
2. ತಮ್ಮ ಇಮೇಲ್‌ಗಳು, ಐದು (ಒಂದೇ ಪ್ರತಿ ಸಾಕು, ಐದೂ ಒಂದೇ).
3. ನಂಜಪ್ಪನವರ ಪ್ರಮಾಣಪತ್ರ.

ವಿ.ಸೂ.: ನಂಜಪ್ಪ ಮತ್ತು ಲಕ್ಕಮ್ಮ ದಂಪತಿ ಜುಲೈ 14ರಂದು ತಮ್ಮ ಸಂಸ್ಥೆಯ ವಿಮಾನದಲ್ಲೇ ಕಾಶಿಗೆ ಹೊರಟಿದ್ದಾರೆ. ಅಲ್ಲಿ ಸ್ಪ್ಯಾನರ್ ಎಣಿಸುವವರು ಯಾರೆಂದು ಅವರು ಅರ್ಜಿದಾರನನ್ನು ದಿನಾ ಕೇಳುತ್ತಿದ್ದಾರೆ. ಟಿಕೆಟ್ ರದ್ದು ಮಾಡಲು ಕೊನೆಯ ದಿನ ಜುಲೈ 11. ಅಷ್ಟರೊಳಗೆ ಉತ್ತರಿಸುವುದು.