ಡಬ್ಬಿ ಬೀಟ್‌ರೂಟು ತಿಂದ ಮರುದಿನ

ಮರಗೆಲಸದ ಕಾರ್ಖಾನೆಗೆ ಬರಬೇಕಿದ್ದ ತರಕಾರಿ ಗಾಡಿ ಆ ದಿನ ಬರಲಿಲ್ಲ. ಅಡುಗೆಯವಳು ಉಗ್ರಾಣಕ್ಕೆ ಓಡಿದಳು. ಇನ್ನೊಂದು ಸಲ ತಟ್ಟೆಯಲ್ಲಿ ಊಟ ಉಳಿದು ವಾಪಸು ಬಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು. ಉಗ್ರಾಣದ ಮೂಲೆಯಲ್ಲಿ ಬೀಟ್‌ರೂಟಿನ ಡಬ್ಬಿಗಳಿದ್ದವು. ಬೇರೆ ದಾರಿ ಕಾಣದೆ ಅವನ್ನೇ ತೆರೆದು ಹೋಳುಗಳನ್ನು ಈರುಳ್ಳಿಯೊಂದಿಗೆ ಹುರಿದಳು. ರಸಕ್ಕೆ ನಿಂಬೆ ಹಿಂಡಿ ಲೋಟ ಲೋಟ ಕೊಟ್ಟಳು. ತಾನು ಮಾತ್ರ ಮುಟ್ಟಲಿಲ್ಲ. ಅದರ ಮಣ್ಣು ವಾಸನೆ ಅವಳಿಗೆ ಆಗದು.

ತಟ್ಟೆಗಳು ಖಾಲಿಯಾಗಿಯೇ ಬಂದವು. ಚೆನ್ನಾಗಿದೆ ಎಂದು ಯಾರೂ ಅನ್ನಲಿಲ್ಲ. ಹಾಗೆ ಅನ್ನುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಖಾನೆ ಸಾವಿನ ಮನೆಯಂತಿತ್ತು. ಗರಗಸ ಕೂಡ ಮೆಲ್ಲಗೆ ಕೆಮ್ಮುತ್ತಿತ್ತು. ಉಪ್ಪು ಕಮ್ಮಿ, ಖಾರ ಜಾಸ್ತಿ ಎಂದು ದಿನವೂ ರಾಗ ತೆಗೆಯುತ್ತಿದ್ದ ಮೇಸ್ತ್ರಿ, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಪರೀಕ್ಷೆಯಲ್ಲಿ ಫೇಲಾದ ಹುಡುಗನಂತೆ ನಿಂತ.

"ಅಕ್ಕಾ, ಇಷ್ಟು ವರ್ಷ ನಿನ್ನ ಅಡುಗೇಲಿ ಹುಳುಕು ಹುಡುಕಿದೆ. ಮನಸ್ಸಲ್ಲಿ ಇಟ್ಕೋಬೇಡ."

ಯಾಕೆ ಹೀಗೆ ಮಾತಾಡುತ್ತೀಯೆಂದು ಕೇಳಿದರೆ, ಇವತ್ತು ಇದ್ದವರು ನಾಳೆ ಇರಬೇಕಲ್ಲ ಎಂದಷ್ಟೇ ಹೇಳಿ ಹೊರಟುಹೋದ.

ಪಾಲಿಶ್ ಹಾಕುವವನಿಗೂ ಮೇಸ್ತ್ರಿಗೂ ಬಹುಕಾಲದಿಂದ ಮಾತಿರಲಿಲ್ಲ. ಈಗ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಬನ್ನನ್ನು ಹರಿದು ತಿಂದರು. ಆಗಾಗ ಒಬ್ಬೊಬ್ಬರೇ ಎದ್ದು ಬಚ್ಚಲಿಗೆ ಹೋಗುತ್ತಿದ್ದರು. ಹೋದವರು ಇನ್ನಷ್ಟು ಬಾಡಿದ ಮುಖ ಹೊತ್ತು ಬರುತ್ತಿದ್ದರು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಕೊನೆಗೆ ಯಜಮಾನರೇ ಅಡುಗೆಮನೆಗೆ ಬಂದರು. ನಿನ್ನೆ ಅವರೂ ಕೇಳಿ ಕೇಳಿ ರಸ ಹಾಕಿಸಿಕೊಂಡಿದ್ದರು. ಒಲೆಯ ಹತ್ತಿರ ನಿಂತು ಕಣ್ಣೊರೆಸಿಕೊಂಡರು.

"ನಾನಿರಲಿ ಬಿಡಲಿ ಕಣಮ್ಮ, ಈ ಅಡುಗೆಮನೆ ನಿಂದೇ. ನಿನ್ನನ್ನ ಯಾರೂ ಬಿಡಿಸೋ ಹಾಗಿಲ್ಲ. ನನ್ನ ಮಗನಿಗೂ ಹೇಳಿಟ್ಟಿದೀನಿ."

ಅಡುಗೆಯವಳಿಗೆ ಕಾರಣ ಹೊಳೆದುಬಿಟ್ಟಿತು. ಬೀಟ್‌ರೂಟು ಇವರ ಮನಸ್ಸನ್ನೇ ಕರಗಿಸಿದೆ. ಆ ಸಂತೋಷಕ್ಕೆ ಉಳಿದ ಡಬ್ಬಿಗಳನ್ನೂ ತೆರೆದಳು. ಈ ಸಲ ಬೆಣ್ಣೆಯನ್ನು ಧಾರಾಳವಾಗಿ ಹಾಕಿದಳು.

ಎಲ್ಲರೂ ಊಟಕ್ಕೆ ಕೂತಿದ್ದಾಗ, ಧೈರ್ಯಮಾಡಿ ಡಾಕ್ಟರ ಬಳಿ ಹೋಗಿದ್ದ ಮೇಸ್ತ್ರಿ ಏದುಸಿರು ಬಿಡುತ್ತ ಬಂದ. ಮೂತ್ರ ಕೆಂಪಗೆ ಹೋಗುತ್ತಿದೆ, ಕಿಡ್ನಿ ಕೈಕೊಟ್ಟಿದೆ, ನಾನಿನ್ನು ಉಳಿಯುವುದಿಲ್ಲ ಎಂದು ಡಾಕ್ಟರ ಮುಂದೆ ಅತ್ತನಂತೆ. ನಿನ್ನೆ ಏನು ತಿಂದೆ ಎಂದು ಡಾಕ್ಟರು ಕೇಳಿದರಂತೆ. ಅದು ರಕ್ತವಲ್ಲ, ಬೀಟ್‌ರೂಟಿನ ಬಣ್ಣ.

"ನಿಂಗೂನಾ?" "ನಿಂಗೂನಾ?" ಎಂಬ ಪಿಸುಮಾತು ಬೆಂಚಿನಿಂದ ಬೆಂಚಿಗೆ ಹರಿಯಿತು. ಮೇಸ್ತ್ರಿ ಪಕ್ಕದಲ್ಲಿ ಕೂರಲು ಬಂದದ್ದೇ, ಪಾಲಿಶಿನವನು ಎದ್ದು ಬೇರೆ ಬೆಂಚಿಗೆ ಹೋದ. ಅಷ್ಟರಲ್ಲಿ ಅಡುಗೆಯವಳು ನಗುನಗುತ್ತ, ಕೆಂಪಗೆ ತುಳುಕುವ ಪಾತ್ರೆ ಹಿಡಿದು ಬಂದಳು. ಒಬ್ಬೊಬ್ಬರಾಗಿ ಎಲ್ಲರೂ ತಟ್ಟೆ ಮಗುಚಿಟ್ಟರು.

ಯಜಮಾನರು ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಬೆಳಿಗ್ಗೆ ನಾನು ಆಡಿದ್ದು ಸಾಯೋನ ಮಾತು. ಈಗ ಬದುಕಿರೋನು ಹೇಳ್ತೀನಿ, ಕೇಳು. ನಾಳೆಯಿಂದ ಬರಬೇಡ."