ಅಕ್ಕಲಕೋಟದ ತನಕ ಓದಿದರೆ ಪಾಸು

ನಮ್ಮ ಮಾಮಾನ ಮನೆಗೆ ನೀವು ಹೋದರೆ ನೀರು, ಚಹಾ ಎಲ್ಲ ಆಮೇಲಿನ ಮಾತು. ಮೊದಲು ನೀವು ಪರೀಕ್ಷೆ ಪಾಸಾಗಬೇಕು! "ಬರ್ರಿ ಬರ್ರಿ" ಎಂದು ಕೈಹಿಡಿದು ಒಳಗೆ ಕರೆದವನೇ, "ಹಂಗ ಹಿಂದ ಸರೀರಿ, ಇನ್ನೊಂಚೂರ, ಆ ಬೇವಿನ ಗಿಡದ ತನಾ" ಎಂದು ಮತ್ತೆ ಅಂಗಳಕ್ಕೆ ಅಟ್ಟುತ್ತಾನೆ. ಬಂದ ಅತಿಥಿಯನ್ನು ಒಳಗೆ ಕರೆದು ಹೊರಗೆ ಹಾಕುವ ಇಂಥ ಸತ್ಕಾರವನ್ನು ನೀವು ಇನ್ನೆಲ್ಲಾದರೂ ಕಂಡಿದ್ದೀರಾ? ಅಲ್ಲಿ ಬೇವಿನ ಗಿಡಕ್ಕೆ ಬೆನ್ನು ಹಚ್ಚಿ ನಿಂತು, ಒಂದು ಕಣ್ಣು ಮುಚ್ಚಿಕೊಂಡು, ಪಡಸಾಲೆಯ ಗೋಡೆಗೆ ತೂಗುಹಾಕಿದ ತಗಡಿನ ಬೋರ್ಡು ಓದಬೇಕು. ಓದಿದರೆ ಚಹಾ. ಓದದಿದ್ದರೆ ಚಹಾದ ಜೊತೆ ಒಂದು ತಾಸು ಉಪದೇಶ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಕಣ್ಣಿನ ಡಾಕ್ಟರನಲ್ಲ, ಕಾಂಪೌಂಡರನೂ ಅಲ್ಲ. ಸೋಲಾಪುರದಿಂದ ಅಕ್ಕಲಕೋಟಕ್ಕೆ ಓಡಾಡುವ ಕೆಂಪು ಎಸ್.ಟಿ. ಬಸ್ಸಿನಲ್ಲಿ ಜನ್ಮವಿಡೀ ಟಿಕೇಟು ಹರಿದ ಕಂಡಕ್ಟರ್. ನಿವೃತ್ತಿಯಾದಾಗ ಎಲ್ಲರೂ ಶಾಲು, ತೆಂಗಿನಕಾಯಿ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಇವನು ಮಾತ್ರ ಬಸ್ಸಿನ ಹಣೆಗೆ ಊರಿನ ಹೆಸರು ತೋರಿಸುತ್ತಿದ್ದ, ಈಗ ಗುಜರಿಗೆ ಹಾಕಲು ಇಟ್ಟಿದ್ದ ಎರಡು ಹಳೆಯ ತಗಡಿನ ಬೋರ್ಡು ಕೇಳಿ ಪಡೆದುಕೊಂಡು, ಹೆಗಲ ಮೇಲೆ ಹೊತ್ತುಕೊಂಡು ಬಂದ. ಒಂದು ಅಕ್ಕಲಕೋಟದ್ದು. ಇನ್ನೊಂದು ಮಂಗಳವೇಢಾ ಕಡೆಯ ನಂದೇಶ್ವರದ್ದು. "ಒಂದ ಕೆಟ್ರ ಇನ್ನೊಂದ ಇರ್ಲಿ" ಎಂದು ಎರಡನೆಯದನ್ನು ಅಟ್ಟಕ್ಕೆ ಏರಿಸಿದ.

ಈ ಹುಚ್ಚು ಹತ್ತಿದ್ದಾದರೂ ಯಾಕೆ? ಕಾರಣ ಅವನೇ ಹೇಳುತ್ತಾನೆ. ಬಸ್ ಸ್ಟ್ಯಾಂಡಿನಲ್ಲಿ ಓದಲು ಬರುವ ಜನವೂ ಬೋರ್ಡಿನ ಕೆಳಗೇ ನಿಂತು "ಈ ಗಾಡಿ ಎಲ್ಲಿಗ ಹೋಗತೈತ್ರಿ?" ಎಂದು ಕೇಳುತ್ತಿದ್ದರಂತೆ. "ಕಾಣಸಂಗಿಲ್ಲೇನ್ರಿ?" ಎಂದರೆ "ಏ, ಏಕದಮ್ ಚಲೋ ಕಾಣಸತೈತಿ" ಎಂದು ಅಕ್ಕಲಕೋಟದ್ದನ್ನು ಬಿಟ್ಟು ತುಳಜಾಪುರದ ಗಾಡಿ ಹತ್ತುತ್ತಿದ್ದರಂತೆ! ತನಗೆ ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮನುಷ್ಯನನ್ನು ತಾನು ಇಡೀ ನೌಕರಿಯಲ್ಲಿ ಕಂಡಿಲ್ಲ ಎನ್ನುವುದು ಮಾಮಾನ ವಾದ. ಹಾಗಾಗಿ ಅವನು ಯಾರನ್ನೂ ಕೇಳುವುದಿಲ್ಲ, ಓದಿಸುತ್ತಾನೆ.

ಅಕ್ಕಲಕೋಟದ ಬೋರ್ಡಿಗೆ ಪೇಂಟರನಿಂದ ಹೊಸದಾಗಿ ಮರಾಠಿಯಲ್ಲಿ ಅಕ್ಷರ ಬರೆಸಿದ. ಎಲ್ಲಕ್ಕಿಂತ ಮೇಲೆ 'ಸೋಲಾಪುರ' ಎಂದು ಮೊಳದುದ್ದದ ಅಕ್ಷರ. ಅದರ ಕೆಳಗೆ ಸ್ವಲ್ಪ ಸಣ್ಣದಾಗಿ 'ಕುಂಭಾರಿ'. ಇನ್ನೂ ಸಣ್ಣದಾಗಿ 'ವಳಸಂಗ'. ಅದಕ್ಕೂ ಸಣ್ಣದಾಗಿ 'ಅಕ್ಕಲಕೋಟ'. ಎಲ್ಲಕ್ಕೂ ಕೆಳಗೆ ಇರುವೆ ಸಾಲಿನಂತೆ 'ಸುಟ್ಟೆ ಪೈಸೆ ದ್ಯಾವೆ', ಅಂದರೆ ದಯವಿಟ್ಟು ಚಿಲ್ಲರೆ ಕೊಡಿ! ಓದಲು ಬಾರದವರಿಗೆ ಅದೇ ಅಳತೆಯಲ್ಲಿ ಬಾಳೆಹಣ್ಣು, ಛತ್ರಿ, ಕೀಲಿಕೈ ಬರೆಸಿದ ಬೇರೆ ಹಲಗೆ ಇತ್ತು. ಅಕ್ಕಲಕೋಟದ ತನಕ ಓದಿದವರು ಪಾಸು. ನಡುವೆ ನಿಂತವರಿಗೆ ಮಾಮಾನ ತೀರ್ಪು ಒಂದೇ: "ನೀವು ವಳಸಂಗದಾಗ ಇಳದಬಿಟ್ರಿ. ಮುಂದಿನ ಪ್ರವಾಸಕ್ಕ ಡಾಕ್ಟರ್ ಕಡೆ ಟಿಕೇಟ್ ತಗೋರಿ." ಸುತ್ತಲಿನ ಹಳ್ಳಿಗಳಲ್ಲಿ ಇದೇ ಭಾಷೆ ಬಳಕೆಗೆ ಬಂದು, "ನಮ್ಮ ಗುರುಜಿ ಪಾಪ ಕುಂಭಾರಿದಾಗ ಇಳದಾರಂತ" ಎಂದು ಜನ ಕನಿಕರ ಪಡತೊಡಗಿದರು.

ನನ್ನನ್ನು ನೋಡಲು ಗಂಡಿನ ಕಡೆಯವರು ಸೋಲಾಪುರದ ನಮ್ಮ ಮನೆಗೆ ಬಂದಿದ್ದರು. ಅವ್ವ ನನ್ನ ಚಷ್ಮಾ ತೆಗೆದು ಫ್ರಿಜ್ಜಿನ ಮೇಲೆ ಬಚ್ಚಿಟ್ಟಿದ್ದಳು. ನಾನು ಚಹಾದ ಟ್ರೇ ಹಿಡಿದು ಅಂದಾಜಿನ ಮೇಲೆ ನಡೆದು ಬರುತ್ತಿದ್ದೆ. ಮಾಮಾ ನೆಟ್ಟಗೆ ಎದ್ದು ಹೋಗಿ ಚಷ್ಮಾ ತಂದು, ಎಲ್ಲರೆದುರಿಗೇ ನನ್ನ ಮೂಗಿನ ಮೇಲೆ ಕೂರಿಸಿದ! ಗಂಡಿನ ತಾಯಿ ಮುಖ ಸಣ್ಣಗೆ ಮಾಡಿ, "ಹುಡುಗೀಗೆ ಚಷ್ಮಾ ಐತೇನ್ರಿ?" ಎಂದರು.

"ಐತ್ರಿ. ಅದಕ್ಕ ಆಕಿಗೆ ನಿಮ್ಮ ಹುಡುಗ ಬರೋಬ್ಬರಿ ಕಾಣಾಕತ್ತಾನ," ಎಂದ ಮಾಮಾ. "ನಿಮ್ಮ ಹುಡುಗಗ ಆಕಿ ಕಾಣತಾಳೋ ಇಲ್ಲೋ, ಅದನ್ನ ಈಗ ನೋಡೂಣು."

ಬೋರ್ಡು ಜೊತೆಗೇ ತಂದಿದ್ದ, ಮತ್ತೇನು! ಗಂಡು ಬೆವರುತ್ತ ಎದ್ದು ನಿಂತು, ಒಂದು ಕಣ್ಣು ಮುಚ್ಚಿ, ವಳಸಂಗದಲ್ಲಿ ಇಳಿದುಬಿಟ್ಟಿತು. ನಿಶ್ಚಿತಾರ್ಥಕ್ಕೆ ಬರುವಾಗ ಅದರ ಮೂಗಿನ ಮೇಲೆ ನನ್ನದಕ್ಕಿಂತ ದಪ್ಪ ಚಷ್ಮಾ ಇತ್ತು. ಆ ವಳಸಂಗದ ಗಂಡೇ ಈಗ ನನ್ನ ಗಂಡ. ಮೊದಲ ಸಲ ನಿನ್ನನ್ನು ಸರಿಯಾಗಿ ನೋಡಿದ್ದೇ ನಿಶ್ಚಿತಾರ್ಥದ ದಿನ ಎಂದು ಈಗಲೂ ಹೇಳುತ್ತಾನೆ. ಹೊಗಳಿಕೆಯೋ ದೂರೋ, ನಾನಂತೂ ಕೇಳಿಲ್ಲ.

ಎಲ್ಲಿ ಕಣ್ಣಿನ ಕ್ಯಾಂಪು ಇದ್ದರೂ ಮಾಮಾ ಅಲ್ಲಿ ಹಾಜರು. ಟೆಂಪೋ ಮಾಡಿಕೊಂಡು ಬೋರಾಮಣಿಗೆ ಹೋಗುತ್ತಾನೆ, ಗಡಿಯ ಸಲಗರ ಬುದ್ರುಕಕ್ಕೂ ಹೋಗುತ್ತಾನೆ. "ಚಲಾ, ಪುಢೇ ಸರಕಾ, ಪುಢೇ ಸರಕಾ", ಅಂದರೆ ನಡೀರಿ, ಮುಂದೆ ಸರೀರಿ ಎಂದು ಮುದುಕರನ್ನೆಲ್ಲ ಒಳಗೆ ತುಂಬಿ, ತಗಡಿಗೆ ಎರಡು ಸಲ ಬಡಿದು ಗಾಡಿ ಬಿಡಿಸುತ್ತಾನೆ. ನಮ್ಮ ಕಡೆಯ ಜನರದು ಒಂದೇ ಹಟ, ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಪೂರಾ ಹಣ್ಣಾಗುವ ತನಕ ಅದನ್ನು ಮುಟ್ಟಬಾರದು! ಬೋರಾಮಣಿಯ ಒಬ್ಬ ಅಜ್ಜ ಕಟ್ಟೆ ಬಿಟ್ಟು ಏಳಲೇ ಒಲ್ಲ.

"ಇನ್ನಾ ಪಕ್ವ ಆಗಿಲ್ಲೋ ತಮ್ಮಾ. ಸುಗ್ಗಿ ಮುಗೀಲಿ, ನೋಡೂಣು."

"ಅದೇನ್ ಸೀತಾಫಳ ಏನ್ರಿ ಅಜ್ಜಾರ, ಹುಲ್ಲಾಗ ಮುಚ್ಚಿಟ್ಟ ಹಣ್ಣ ಮಾಡಾಕ? ಏಳ್ರಿ, ಕಿಡಕಿ ಕಡೆ ಸೀಟ್ ಕೊಡತೀನಿ."

ಕಿಡಕಿಯ ಸೀಟಿನ ಆಸೆಗೆ ಅಜ್ಜ ಬಂದ. ಆಪರೇಶನ್ ಸುಸೂತ್ರವಾಗಿ ಆಯಿತು. ವಾರ ಕಳೆಯುವುದರೊಳಗೆ ಮಾಮಾನ ಮನೆಗೇ ಜಗಳಕ್ಕೆ ಬಂದ. "ನನ್ನ ಎತ್ತು ನೋಡು, ಎಲಬು ಕಾಣಾಕತ್ತಾವು! ನಿನ್ನ ಕ್ಯಾಂಪಿಗ ಹೋಗೂಕಿಂತ ಮೊದಲ ಎಷ್ಟ ಚಲೋ ಇತ್ತು!"

ಇಂಥ ಮಾಮಾನ ದೊಡ್ಡ ಹೆಮ್ಮೆ ಅಂದರೆ ನಮ್ಮ ಮಾಮಿ. ಮರಾಠಿ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವಳು. ಬಂದವರೆದುರು ಆಕೆಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತಿದ್ದ. ಮಾಮಿ ಸೆರಗು ಸರಿಮಾಡಿಕೊಂಡು, ಒಂದು ಕಣ್ಣು ಮುಚ್ಚಿ, "ಸೋಲಾಪುರ, ಕುಂಭಾರಿ, ವಳಸಂಗ, ಅಕ್ಕಲಕೋಟ, ಸುಟ್ಟೆ ಪೈಸೆ ದ್ಯಾವೆ" ಎಂದು ಸರಸರ ಹೇಳಿ ಒಳಗೆ ಹೋಗುತ್ತಿದ್ದಳು. "ನೋಡ್ರಿ! ಮೊಮ್ಮಕ್ಕಳ ಕಂಡಾಕಿ, ಆದ್ರ ಕಣ್ಣ ನೋಡ್ರಿ!" ಎಂದು ಮಾಮಾ ಎದೆ ಉಬ್ಬಿಸುತ್ತಿದ್ದ. ಇಡೀ ತಾಲೂಕಿನಲ್ಲಿ ಇಂಥ ಕಣ್ಣು ಇನ್ನೊಬ್ಬರಿಗಿಲ್ಲ ಎಂದು ಡಂಗುರ ಸಾರಿದ್ದ.

ಅವರಿಬ್ಬರದು ಒಂದು ಹಳೆಯ ಪದ್ಧತಿ. ಮನೆ ವಳಸಂಗದ ಆಚೆ, ರಸ್ತೆಯ ಅಂಚಿಗೇ. ನೌಕರಿಯಲ್ಲಿದ್ದಾಗ ಮಧ್ಯಾಹ್ನ ಮಾಮಾನ ಬಸ್ಸು ಮನೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿತ್ತು. ಮಾಮಿ ಊಟದ ಡಬ್ಬಿ ಹಿಡಿದು ಕಾಯುತ್ತಿದ್ದಳು. ಬಾಗಿಲಲ್ಲಿ ಜೋತುಬಿದ್ದ ಮಾಮಾನ ಕೈಗೆ ಡಬ್ಬಿ ಕೊಡುವಳು, "ಲಗೂ ಬರ್ರಿ" ಎನ್ನುವಳು. ಇವನು ಬೆಲ್ ಹೊಡೆಯುವನು. ನಿವೃತ್ತಿಯಾದ ಮೇಲೂ ಇದು ನಿಲ್ಲಲಿಲ್ಲ. ಕ್ಯಾಂಪಿನ ದಿನ ಬೆಳಿಗ್ಗೆ ಬೇಗ ಅಕ್ಕಲಕೋಟಕ್ಕೆ ಹೋದವನು, ಮಧ್ಯಾಹ್ನ ಪೇಶಂಟುಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಸೋಲಾಪುರಕ್ಕೆ ಹೊರಟಾಗ ಡಬ್ಬಿ ಇಲ್ಲೇ ಕೈಗೆ ಬರಬೇಕು.

ಒಂದು ದಿನ ಡಬ್ಬಿ ಬರಲಿಲ್ಲ. ಮಾಮಾ ಬಸ್ಸಿನ ಬಾಗಿಲಲ್ಲಿ ನಿಂತು ನೋಡುತ್ತಾನೆ, ಮನೆಯ ಮುಂದೆ ಯಾರೂ ಇಲ್ಲ! ಸಂಜೆ ಹಸಿದು ಬಂದು ಕೇಳಿದರೆ ಮಾಮಿ, "ಅಯ್ಯ, ಕೊಟ್ಟೀನಲ್ಲ ನಿಮ್ಮ ಕೈಯಾಗ!" ಎಂದಳು. ಮರುದಿನ, ಮಾಮಾನ ಬಸ್ಸಿಗಿಂತ ಮುಂಚೆ ಹಾದುಹೋಗಿದ್ದ ಗಾಡಿಯ ಬೇರೊಬ್ಬ ಕಂಡಕ್ಟರ್ ಬಸ್ಸು ನಿಲ್ಲಿಸಿ, ಬೆಳಗಿದ ಡಬ್ಬಿಯ ಮೇಲೆ ಒಂದು ಚೆಂಡುಹೂ ಇಟ್ಟು, ಎರಡೂ ಕೈಯಿಂದ ಒಪ್ಪಿಸಿದ. ಅಕ್ಕಲಕೋಟದ ಮಠಕ್ಕೆ ಭಕ್ತರು ಹೋಗುವ ದಾರಿಯಲ್ಲವೇ, ಹರಕೆ ಹೊತ್ತವರು ಯಾರಿಗೆ ಬೇಕಾದರೂ ಅನ್ನ ನೀಡುತ್ತಾರೆ! ಇದೂ ಪ್ರಸಾದವೇ ಇರಬೇಕೆಂದು ಆ ಭಲೇ ಮನುಷ್ಯ ರೊಟ್ಟಿ, ಶೇಂಗಾ ಚಟ್ನಿಯನ್ನು ಡ್ರೈವರನಿಂದ ಹಿಡಿದು ಹಿಂದಿನ ಸೀಟಿನ ತನಕ ಹಂಚಿಬಿಟ್ಟಿದ್ದ. "ಪ್ರಸಾದ ಚಲೋ ಇತ್ರಿ ಅಕ್ಕಾರ. ಚಟ್ನಿ ಜರಾ ಖಾರ," ಎಂದು ಹೇಳಿ ಹೋದ.

ನಾನು ಆ ದಿನ ಅಲ್ಲೇ ಇದ್ದೆ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಮಾಮಿಯೂ ನಕ್ಕಳು. ಮಾಮಾ ಮಾತ್ರ ನಗಲಿಲ್ಲ. ಆ ಕಂಡಕ್ಟರ್ ದಪ್ಪ, ಕಪ್ಪು, ಗಡ್ಡದವನು. ಮಾಮಾ ಕಡ್ಡಿಯಂತೆ ತೆಳ್ಳಗಿನವನು. ಮಾಮಿ ಹಿತ್ತಲಿಗೆ ಹೋದಾಗ ಅಟ್ಟ ಹತ್ತಿ ನಂದೇಶ್ವರದ ಬೋರ್ಡು ಇಳಿಸಿ, ಅಕ್ಕಲಕೋಟದ್ದನ್ನು ತೆಗೆದು ಅದರ ಜಾಗದಲ್ಲಿ ತೂಗುಹಾಕಿದ. ಅದರ ಮೇಲೆ ಸೋಲಾಪುರ, ಕಾಮತಿ, ಮಂಗಳವೇಢಾ, ನಂದೇಶ್ವರ ಎಂದು ಹಳೆಯ ದಪ್ಪ ಅಕ್ಷರಗಳಿದ್ದವು. ಮಾಮಿ ಬಂದ ಕೂಡಲೇ, "ಒಂದ ಸಲ ಬೋರ್ಡ ಓದು," ಎಂದ.

ಮಾಮಿ ಬೇವಿನ ಗಿಡದ ಕೆಳಗೆ ನಿಂತಳು. ಸೆರಗು ಸರಿಮಾಡಿಕೊಂಡಳು. "ಸೋಲಾಪುರ, ಕುಂಭಾರಿ, ವಳಸಂಗ, ಅಕ್ಕಲಕೋಟ, ಸುಟ್ಟೆ ಪೈಸೆ ದ್ಯಾವೆ" ಎಂದು ಸರಸರ ಹೇಳಿದಳು. ಮಾಮಾ ಬೋರ್ಡು ಕೆಳಗಿಳಿಸಿದ ತಗಡಿನ ಸದ್ದಿಗೆ, "ಯಾಕ್ರಿ, ತಪ್ಪಾತೇನ?" ಎಂದು ಕೇಳಿದಳು.

ದಿನವೂ ಬಂದವರೆಲ್ಲ ಗಟ್ಟಿಯಾಗಿ ಓದುವುದನ್ನು ಅಡಿಗೆಮನೆಯಲ್ಲಿ ಕೂತು ಕೇಳಿ ಕೇಳಿ ಆಕೆಗೆ ಬೋರ್ಡು ಬಾಯಿಪಾಠವಾಗಿತ್ತು. ಮನೆಯ ಮೂಲೆಮೂಲೆಯೂ ಕೈಗೆ ಗೊತ್ತು. ಹೀಗಾಗಿ ತಾಲೂಕನ್ನೆಲ್ಲ ತಪಾಸಣೆ ಮಾಡಿದವನಿಗೆ ಒಲೆಯ ಮುಂದೆ ಕೂತವಳ ಕಣ್ಣು ತಿಳಿದಿರಲಿಲ್ಲ. ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಮೋತಿಬಿಂದು ಬಂದಿದೆ, ಎಡಗಣ್ಣಿಗೆ ಬೆಳಕು ಮಾತ್ರ ತಿಳಿಯುತ್ತಿದೆ, ಬಲಗಣ್ಣೂ ಅದೇ ದಾರಿ ಹಿಡಿದಿದೆ, ಇನ್ನು ತಡ ಮಾಡಿದರೆ ಎಡಗಣ್ಣು ಕಾಯಂ ಹೋಗಬಹುದು ಎಂದರು. ಮಾಮಿ ಆಪರೇಶನ್‌ಗೆ ಸುತಾರಾಂ ಒಪ್ಪಲಿಲ್ಲ.

"ಒಲಿ ಮುಂದ ಹೋಗಬಾರದಂತ. ನಿಮಗ ರೊಟ್ಟಿ ಯಾರ ಬಡೀತಾರ?"

ಇಷ್ಟೇನಾ? ಮಾಮಾ ತಾನೇ ಹಿಟ್ಟು ನಾದಲು ಕೂತ. ಅವನು ಬಡಿದ ಮೊದಲ ರೊಟ್ಟಿ ಥೇಟ್ ಮಂಗಳವೇಢಾ ತಾಲೂಕಿನ ನಕಾಶೆ! ಎರಡನೆಯದು ಮೂರು ಜಿಲ್ಲೆಯಾಗಿ ಒಡೆಯಿತು. ಮಾಮಿ ಬೆರಳಿನಿಂದ ಸವರಿ ನೋಡಿ, "ಇದನ್ನ ತಿನ್ನೂಕಿಂತ ಉಪಾಸ ಇರೂದ ಚಲೋ" ಎಂದಳು. ಅವನು ದಿನವೂ ಬಡಿದ. ಒಂದು ದಿನ ರೊಟ್ಟಿ ಒಡೆಯದೆ ತವೆಯ ಮೇಲೆ ಉಬ್ಬಿತು. ಆಗ ಮಾಮಿಗೆ ನೆಪ ಉಳಿಯಲಿಲ್ಲ, ನಿಜ ಹೊರಗೆ ಬಂತು.

"ಅಂಜಿಕಿ ಬರತೈತ್ರಿ. ಈಗ ಮಬ್ಬಮಬ್ಬಾಗಿಯಾದ್ರೂ ನಿಮ್ಮ ಮಾರಿ ಕಾಣಸತೈತಿ. ಇದ್ದಿದ್ದೂ ಹೋದ್ರ?"

ಊರಿಗೆಲ್ಲ ಧೈರ್ಯ ಹೇಳುವ ಮಾಮಾ ಆಕೆಯ ಪಕ್ಕದಲ್ಲೇ ಕೂತ. ಹಿಟ್ಟಿನ ಕೈ ಒರೆಸಿಕೊಂಡು, "ನಂಗೂ ಅಂಜಿಕಿ ಬರತೈತಿ. ಆದ್ರೂ ಹೋಗೂಣು," ಎಂದ. ಅಷ್ಟಕ್ಕೇ ಮಾಮಿ ಒಪ್ಪಿದಳು.

ಸೋಲಾಪುರದ ದವಾಖಾನೆಯಲ್ಲಿ ಎಡಗಣ್ಣಿನ ಆಪರೇಶನ್. ಒಳಗೆ ಮಾಮಿ, ಹೊರಗಿನ ಬೆಂಚಿನ ಮೇಲೆ ಮಾಮಾ. ಪಕ್ಕದಲ್ಲಿ ಕೂತ ಮುದುಕನೊಬ್ಬ ತನ್ನ ಕಣ್ಣಿನ ಬಗ್ಗೆ ಏನೋ ಕೇಳಿದ. ನಮ್ಮ ಮಾಮಾ ಅವನ ಕಡೆ ತಿರುಗಿಯೂ ನೋಡಲಿಲ್ಲ! ಮಾಮಿಯ ಬಳೆಗಳನ್ನು ರುಮಾಲಿನಲ್ಲಿ ಕಟ್ಟಿ ಹಿಡಿದುಕೊಂಡು, ಬಾಗಿಲನ್ನೇ ನೋಡುತ್ತ ಕೂತಿದ್ದ. ಅವನನ್ನು ಹಾಗೆ ನೋಡಿ ನನಗೆ ಅಳು ಬಂತು.

ಮರುದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಬೆರಳು ತೋರಿಸಿದರು, ಮಾಮಿ ಹೇಳಿದಳು. ಎಲ್ಲ ಸರಿಯಿದೆ ಎಂದರು. ಮಾಮಾಗೆ ಮಾತ್ರ ನಂಬಿಕೆಯಿಲ್ಲ. ಬಾಯಿಪಾಠ ಮಾಡುವವಳನ್ನು ಹೇಗೆ ನಂಬುವುದು? ಕರಿ ಚಷ್ಮಾ ಹಾಕಿದ ಮಾಮಿಯನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿ, ತಾನೇ ರೊಟ್ಟಿ ಕಟ್ಟಿ ತಂದಿದ್ದ ಡಬ್ಬಿಯನ್ನು ಆಕೆಯ ತೊಡೆಯ ಮೇಲಿಟ್ಟು, "ಗಾಡಿ ನೋಡಿ ಬರತೀನಿ" ಎಂದು ಹೋದವನು ಬರಲೇ ಇಲ್ಲ.

ಎದುರಿಗೆ ಕೆಂಪು ಬಸ್ಸುಗಳು ಸಾಲಾಗಿ ನಿಂತಿದ್ದವು. ಜನವೋ ಜನ. ನಾನು ಕತ್ತು ಚಾಚಿ ಹುಡುಕುತ್ತಿರುವಾಗ ಮಾಮಿ ಡಬ್ಬಿ ಹಿಡಿದು ಎದ್ದಳು.

"ಮಾಮಿ, ಎಲ್ಲಿ ಹೊಂಟಿ? ನಿಂದ್ರು!"

ಆಕೆ ನಿಲ್ಲಲಿಲ್ಲ. ಗಂಟುಮೂಟೆ ದಾಟಿಕೊಂಡು, ಮೊದಲ ಬಸ್ಸು ಬಿಟ್ಟು, ಎರಡನೆಯದನ್ನೂ ಬಿಟ್ಟು, ಅದರಾಚೆಯ ಬಸ್ಸಿನ ಬಾಗಿಲಿಗೆ ನೆಟ್ಟಗೆ ಹೋದಳು. ಅಲ್ಲಿ ಮೆಟ್ಟಿಲ ಮೇಲೆ, ಸರಳು ಹಿಡಿದು ಜೋತುಬಿದ್ದು, ತುಟಿ ಬಿಗಿಹಿಡಿದು, ಹಳೆಯ ಕಂಡಕ್ಟರನ ಭಂಗಿಯಲ್ಲೇ ಮಾಮಾ ನಿಂತಿದ್ದ. ಮಾಮಿ ಡಬ್ಬಿ ಎತ್ತಿ ಅವನ ಕೈಗೆ ಕೊಟ್ಟಳು.

"ಈ ಸಲ ಬರೋಬ್ಬರಿ ಕಂಡಕ್ಟರಗೇ ಕೊಟ್ಟೀನಿ ನೋಡ್ರಿ."

ಮಾಮಾ ಡಬ್ಬಿಯನ್ನು ಎದೆಗೆ ಒತ್ತಿಕೊಂಡ. ಕಣ್ಣು ತುಂಬಿ, ನೀರು ಮೀಸೆಯ ಮೇಲೆ ಇಳಿಯಿತು. ಮಾಮಿ ಎರಡು ಹೆಜ್ಜೆ ಹಿಂದೆ ಸರಿದು, ಕರಿ ಚಷ್ಮಾದ ಹಿಂದೆ ಬಲಗಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ತಲೆಯೆತ್ತಿ ಬಸ್ಸಿನ ಹಣೆ ನೋಡಿದಳು. ಒಂದೊಂದೇ ಅಕ್ಷರ ಕೂಡಿಸಿ, ಸಾಲೆಯ ಹುಡುಗಿಯಂತೆ ನಿಧಾನವಾಗಿ ಓದಿದಳು.

"ನಂ... ದೇ... ಶ್ವರ."

ಮತ್ತೆ ಅವನ ಕಡೆ ತಿರುಗಿ ನಕ್ಕಳು.

"ಇಳೀರಿ. ಇದು ನಮ್ಮ ಗಾಡಿ ಅಲ್ಲ. ನಡೀರಿ ಮನಿಗೆ."

ಅವನು ಬೇಕೆಂತಲೇ ಆ ಬಸ್ಸು ಹತ್ತಿದ್ದನೋ, ಕಣ್ಣು ತುಂಬಿಕೊಂಡು ಬೋರ್ಡು ಕಾಣದೆ ಹತ್ತಿದ್ದನೋ, ಇವತ್ತಿನ ತನಕ ಹೇಳಿಲ್ಲ. ಆ ದಿನವಂತೂ ಅವನು ಡಬ್ಬಿ ಹಿಡಿದು ಇಳಿದು, ಮಾಮಿ ಓದಿ ತೋರಿಸಿದ ಬಸ್ಸನ್ನು ಹತ್ತಿ, ಕಿಡಕಿಯ ಸೀಟನ್ನು ಆಕೆಗೆ ಬಿಟ್ಟುಕೊಟ್ಟ.