ಎರಡು ಚಮಚ ಕೂವೆ ಹಿಟ್ಟು

ಆರು ವರ್ಷಗಳ ಹಿಂದೆ, ಗೋವಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನಿಂತು, ಸುನಿಲ ತನ್ನ ಮಗಳಿಗೊಂದು ಮಾತು ಕೊಟ್ಟಿದ್ದ.

ಸುನಿಲ ಫ್ರಿಜ್ ರಿಪೇರಿಯವ. ಮಾಜಾಳಿಯ ಅರ್ಧ ಊರಿನಂತೆ ಬೆಳಿಗ್ಗೆ ಗೋವಾ ಗಡಿ ದಾಟಿ ಹೋಗಿ, ಕತ್ತಲಾದ ಮೇಲೆ ಗಡಿ ದಾಟಿ ಬರುವವ. ಅಂದು ಶಾಲೆಗೆ ರಜೆಯೆಂದು ಎಂಟು ವರ್ಷದ ಪೂರ್ಣಿಮಾಳನ್ನೂ ಜೊತೆಗೆ ಕರೆದೊಯ್ದಿದ್ದ. ಫ್ರಿಜ್ ತಣ್ಣಗಾದ ಖುಷಿಗೆ ಅಲ್ಲಿನ ಇಟಲಿಯ ಅಡುಗೆಯವ ಹುಡುಗಿಗೆ ಸಣ್ಣ ಕಪ್ಪಿನಲ್ಲಿ ಬಿಸಿ ಚಾಕಲೇಟ್ ತಂದುಕೊಟ್ಟ. ಕುಡಿ ಎಂದು ಕೈಸನ್ನೆ ಮಾಡಿದನೇ ಹೊರತು ಅದು ಕುಡಿಯುವ ಹಾಗಿರಲಿಲ್ಲ. ಚಮಚ ಊರಿದರೆ ಶಾಲೆಯ ಧ್ವಜದ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು.

"ಪಪ್ಪಾ, ಇದು ಮನೇಲಿ ಮಾಡೂಕೆ ಬರ್ತದಾ?" ಮೂಗಿನ ತುದಿಗೆಲ್ಲ ಚಾಕಲೇಟ್ ಮಾಡಿಕೊಂಡು ಪೂರ್ಣಿಮಾ ಕೇಳಿದ್ದಳು.

"ಬರದೇ ಎಂತ? ನಾನೇ ಮಾಡಿ ಕೊಡ್ತೆ. ಚಮಚ ನಿಲ್ಬೇಕು, ಹಾಂಗೆ."

ಮೊದಲ ವರ್ಷ ಅವಳು ಪ್ರತಿ ಭಾನುವಾರ ನೆನಪಿಸಿದಳು. ಎರಡನೆಯ ವರ್ಷ ಹಬ್ಬಕ್ಕೊಮ್ಮೆ. ಆಮೇಲೆ ಕೇಳುವುದನ್ನೇ ಬಿಟ್ಟಳು. ಸದ್ದು ಮಾಡುವ ಫ್ರಿಜ್ಜಿನಲ್ಲಿ ಇನ್ನೂ ಜೀವವಿದೆ, ಸದ್ದು ನಿಂತಾಗಲೇ ಹೆದರಬೇಕು ಎಂದು ಸುನಿಲ ಗಿರಾಕಿಗಳಿಗೆ ಹೇಳುತ್ತಿದ್ದ. ಮನೆಯಲ್ಲಿ ಸದ್ದು ನಿಂತದ್ದು ಮಾತ್ರ ಅವನಿಗೆ ತಡವಾಗಿ ಕೇಳಿಸಿತು.

ಈಗ ಪೂರ್ಣಿಮಾ ಒಂಬತ್ತನೆಯ ತರಗತಿ. ಶಾಲೆಯ ಕಬಡ್ಡಿ ತಂಡದಲ್ಲಿ ಎದುರಾಳಿ ಅಂಗಳಕ್ಕೆ ನುಗ್ಗುವವಳು ಅವಳೇ. ಶನಿವಾರ ಅಂಕೋಲೆಯಲ್ಲಿ ಜಿಲ್ಲಾ ಪಂದ್ಯ. ಹೆಂಡತಿ ಯಶೋದಾ ಹಿಂದಿನ ದಿನವೇ ಅಂಕೋಲೆಯ ತಂಗಿಯ ಮನೆಗೆ ಹೋಗಿ, ಮಗಳ ಆಟಕ್ಕೆ ಕೂಗಲು ಜನ ಸೇರಿಸುತ್ತಿದ್ದಳು.

"ನೀ ಬತ್ಯಾ ಪಪ್ಪಾ?" ಎಂದು ಪೂರ್ಣಿಮಾ ಕೇಳಿದ್ದಳು.

"ನೋಡ್ವ" ಎಂದಿದ್ದ ಸುನಿಲ. ಅವನ ನೋಡ್ವ ಎಂದರೆ ಏನೆಂದು ಮನೆಯ ಬೆಕ್ಕಿಗೂ ಗೊತ್ತಿತ್ತು.

ಆದರೆ ಈ ಸಲ ಅವನು ಗುಟ್ಟಾಗಿ ರಜೆ ಹಾಕಿದ್ದ. ಗೋವಾದಿಂದ ಕಪ್ಪು ಚಾಕಲೇಟಿನ ಹಲಗೆ ತಂದು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದ. ಆಟಕ್ಕೆ ಹೊರಡುವ ಮೊದಲು ಮಗಳ ಕೈಗೆ ಬಿಸಿ ಚಾಕಲೇಟಿನ ಕಪ್ಪು ಕೊಡಬೇಕು. ಹೇಳಿ ಮಾಡದೆ ಉಳಿದದ್ದು ಸಾಕಷ್ಟಾಗಿದೆ, ಒಮ್ಮೆಯಾದರೂ ಮಾಡಿ ಹೇಳೋಣ ಎಂದುಕೊಂಡಿದ್ದ.

ಶನಿವಾರ ಬೆಳಿಗ್ಗೆ ಫೋನನ್ನು ಚಹಾಪುಡಿ ಡಬ್ಬಿಗೆ ಒರಗಿಸಿ ವಿಡಿಯೋ ಹಚ್ಚಿದ. ಮೆಕ್ಕೆಜೋಳದ ಹಿಟ್ಟು ಅಂದರೆ ಕಾರ್ನ್‌ಫ್ಲೋರ್ ಬೇಕು ಎಂದ ಫೋನಿನವ. ಮನೆಯಲ್ಲಿದ್ದದ್ದು ಅಕ್ಕಿ ಹಿಟ್ಟು. ಹಿಟ್ಟಲ್ಲವೇ ಎಂದು ಕುದಿಯುವ ಹಾಲಿಗೇ ಸುರಿದ. ಎರಡು ನಿಮಿಷದಲ್ಲಿ ಪಾತ್ರೆಯಲ್ಲಿ ಗೋಲಿ ಗಾತ್ರದ ಗಂಟುಗಳು ಸುಗ್ಗಿ ಕುಣಿಯತೊಡಗಿದವು. ತಳ ಹಿಡಿದು ಹೊಗೆಯೆದ್ದಿತು.

"ಪಪ್ಪಾ, ಎಂತ ಸುಡ್ತಾ ಉಂಟು?" ಹೊರಗಿಂದ ಪೂರ್ಣಿಮಾ ಕೂಗಿದಳು.

"ಎಂತದೂ ಇಲ್ಲ! ಒಳಗೆ ಬರ್ಬೇಡ!"

"ನಾ ಹೊರಟೆ. ಎಂಟೂವರೆಗೆ ಟೆಂಪೋ."

ಸೈಕಲ್ಲಿನ ಸ್ಟ್ಯಾಂಡ್ ತೆಗೆದ ಸದ್ದಾಯಿತು. ಸುನಿಲ ಗಡಿಯಾರ ನೋಡಿದ. ಏಳೂವರೆ. ಒಂದು ತಾಸಿದೆ, ಫ್ಲಾಸ್ಕಿಗೆ ತುಂಬಿ ಶಾಲೆಗೇ ಒಯ್ಯಬಹುದು. ಅಂಗಡಿಗೆ ಓಡಿದರೆ ಅಂಗಡಿಯವ ಕಾರ್ನ್‌ಫ್ಲೋರ್ ಇಲ್ಲವೆಂದು ಕಸ್ಟರ್ಡ್ ಪುಡಿ ತೋರಿಸಿದ. ತಿರುಗಿ ಬಂದು ಫೋನಿನವನನ್ನೇ ಮತ್ತೆ ಕೇಳಿದಾಗ ಅವನು, ಇಲ್ಲದಿದ್ದರೆ ಆರಾರೂಟ್ ಹಾಕಿ ಎಂದ.

ಆರಾರೂಟ್! ಅದು ನಮ್ಮ ಕೂವೆ ಹಿಟ್ಟಲ್ಲವೇ? ಪಕ್ಕದ ಮನೆ ನಾಗಿ ಆಯಿಯ ಹತ್ತಿರ ಡಬ್ಬಿಗಟ್ಟಲೆ ಇದೆ.

ಈ ಊರಿನಲ್ಲಿ ಕೂವೆ ಹಿಟ್ಟಿಗೆ ಇರುವುದು ಎರಡೇ ಕೆಲಸ. ಒಂದು, ಹಾಲು ಬಿಡಿಸಿದ ಕೂಸಿಗೆ ಗಂಜಿ. ಇನ್ನೊಂದು, ಹೊಟ್ಟೆ ಕೆಟ್ಟವರಿಗೆ ಗಂಜಿ. ಸುನಿಲನ ಮನೆಯಲ್ಲಿ ಕೂಸಿರಲಿಲ್ಲ. ಇದು ನಾಗಿ ಆಯಿಗೆ ಥಟ್ಟನೆ ಹೊಳೆಯಿತು, ಸುನಿಲನಿಗೆ ಹೊಳೆಯಲಿಲ್ಲ.

"ಆಯಿ, ಎರಡು ಚಮಚ ಕೂವೆ ಹಿಟ್ಟು ಕೊಡು."

"ಯಾರಿಗಾ?"

"ಪೂರ್ಣಿಗೆ."

"ಅಯ್ಯ ದೇವ್ರೇ! ಇವತ್ತೇ ಬರ್ಬೇಕಿತ್ತಾ ಆ ಕೂಸಿಗೆ? ರಾತ್ರಿ ಎಂತ ತಿಂದಿತ್ತು?"

"ಬಂಗಡೆ ಸಾರು. ಬೇಗ ಕೊಡು ಆಯಿ, ಒಲೆ ಮೇಲೆ ಹಾಲುಂಟು."

"ಹಾಲು ಕೊಡ್ಬೇಡ! ಇಂಥದ್ದಕ್ಕೆ ಹಾಲು ವಿಷ!"

ಅಷ್ಟರಲ್ಲಿ ಸುನಿಲ ಬೇಲಿ ದಾಟಿಯಾಗಿತ್ತು. ಅದೇ ಹೊತ್ತಿಗೆ ದಾರಿಯಲ್ಲಿ ಶಾಲೆಯ ಕಡೆ ಹೊರಟ ಟೆಂಪೋ ಬಂತು. ಓಡಿಸುತ್ತಿದ್ದವ ಬೀರಾ, ನಾಗಿ ಆಯಿಯ ತಂಗಿಯ ಮಗ. ಆಯಿ ಕೈ ಅಡ್ಡ ಹಿಡಿದಳು.

ಇತ್ತ ಸುನಿಲ ಈ ಸಲ ಬುದ್ಧಿವಂತನಾಗಿದ್ದ. ಹಿಟ್ಟನ್ನು ತಣ್ಣನೆ ಹಾಲಿನಲ್ಲಿ ಕದಡಿ, ಚಾಕಲೇಟ್ ಕರಗಿದ ಹಾಲಿಗೆ ಸ್ವಲ್ಪಸ್ವಲ್ಪವೇ ಬಿಟ್ಟು, ಸಣ್ಣ ಉರಿಯಲ್ಲಿ ತಿರುಗಿಸುತ್ತಿದ್ದ. ಹಿತ್ತಲ ಬಾಗಿಲಿನಿಂದ ಹರಿಶ್ಚಂದ್ರ ಕಾಂಪೌಂಡರು ಒಳಬಂದರು. ನಿವೃತ್ತರಾಗಿ ಹತ್ತು ವರ್ಷವಾದರೂ ಕೇರಿಯ ಹೊಟ್ಟೆಗಳನ್ನು ಅವರು ಕೈಬಿಟ್ಟಿರಲಿಲ್ಲ. ಹೆಸರಿಗೆ ತಕ್ಕಂತೆ ಸುಳ್ಳು ಹೇಳುವವರಲ್ಲ. ಗೊತ್ತಿಲ್ಲದ್ದನ್ನೂ ನಿಜವೆಂದು ನಂಬಿಯೇ ಹೇಳುವವರು. ನಾಗಿ ಆಯಿಯಿಂದ ಸುದ್ದಿ ತಿಳಿದು ಕೈಯಲ್ಲಿ ಓಆರ್‌ಎಸ್ ಪೊಟ್ಟಣ ಹಿಡಿದಿದ್ದರು.

"ಎಂತದಾ ಅದು, ಇಷ್ಟು ಕಪ್ಪು?"

ಸುನಿಲ ಬಾಣಲೆಗೆ ಮೈ ಅಡ್ಡ ಮಾಡಿದ. ಚಾಕಲೇಟ್ ಎಂದರೆ, ಮೀಸೆ ಹಣ್ಣಾಗುತ್ತಿರುವ ಗಂಡಸು ರಜೆ ಹಾಕಿ ಮಿಠಾಯಿ ಕಾಸುತ್ತಿದ್ದಾನೆಂದು ಹತ್ತು ಗಂಟೆಯೊಳಗೆ ಸದಾಶಿವಗಡದವರೆಗೂ ಸುದ್ದಿ. ಅದೂ ಹದ ಕೆಟ್ಟರೆ, ಈ ಸಲವೂ ಆಗಲಿಲ್ಲವೆಂಬುದು ಮಗಳ ಕಿವಿಗೆ. ಕಾಂಪೌಂಡರು ಬಾಣಲೆಗೆ ಮೂಗು ಹಾಕುವಷ್ಟು ಹತ್ತಿರ ಬಂದರು.

"ಕೂವೆ ಗಂಜಿಯಾ?"

"ಹೌದು" ಎಂದ ಸುನಿಲ. "ಪೂರ್ಣಿಗೆ. ಶಾಲೆಗೆ ಒಯ್ದು ಕೊಡ್ತೆ."

"ಕಪ್ಪಾದದ್ದು?"

"ಬೆಲ್ಲ."

ಕಾಂಪೌಂಡರು ತಲೆದೂಗಿ, ಕುರ್ಚಿ ಎಳೆದುಕೊಂಡು ಕುಳಿತರು.

ಎಂಟೂಕಾಲಕ್ಕೆ ಗುಳ್ಳೆಗಳು ದಪ್ಪನಾಗಿ ಒಡೆಯತೊಡಗಿದವು. ಸುನಿಲ ಒಲೆ ಆರಿಸಿ ಚಮಚ ಊರಿ ಕೈಬಿಟ್ಟ. ಚಮಚ ನಿಂತಿತು. ಅಲುಗಲಿಲ್ಲ, ವಾಲಲಿಲ್ಲ. ಆರು ವರ್ಷದ ಮೇಲೆ ಮೊದಲ ಸಲ ಅವನಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಿತು. ಫ್ಲಾಸ್ಕಿಗೆ ಅದನ್ನು ಸುರಿಯಲು ಹೋದರೆ ಬೀಳಲಿಲ್ಲ. ಸೌಟಿನಿಂದ ತುರುಕಿ, ಮುಚ್ಚಳ ಬಿಗಿದು, ಸ್ಕೂಟರ್ ಏರಿದ. ಫೋನು ಚಹಾಪುಡಿ ಡಬ್ಬಿಗೆ ಒರಗಿಕೊಂಡೇ ಉಳಿಯಿತು. ಎದುರಿಗೆ ಕಾಂಪೌಂಡರು.

ಶಾಲೆಯ ತಿರುವಿಗೆ ಬರುವಷ್ಟರಲ್ಲಿ ಟೆಂಪೋ ಹೆದ್ದಾರಿ ಸೇರಿಯಾಗಿತ್ತು. ಕಿಟಕಿಗಳಿಂದ ಹುಡುಗಿಯರು ಕೈ ಬೀಸುತ್ತಿದ್ದರು. ಸುನಿಲನೂ ಬೀಸಿದ. ಹಾರ್ನ್ ಹೊಡೆದ. ಬೀರಾ ನಿಲ್ಲಿಸಲಿಲ್ಲ.

ಬೇರೆ ದಿನವಾಗಿದ್ದರೆ ಸುನಿಲ ಅಲ್ಲಿಂದಲೇ ತಿರುಗುತ್ತಿದ್ದ. ಇಂದು ಚಮಚ ನಿಂತಿತ್ತು. ಅಂಕೋಲೆ ನಲವತ್ತೈದು ಕಿಲೋಮೀಟರ್, ಇರಲಿ. ಆಟಕ್ಕೆ ಮೊದಲು ಕುಡಿಸಿದರಾಯಿತು, ಆಟವನ್ನೂ ನೋಡಿದಂತಾಯಿತು. ಕಾಳಿ ಸೇತುವೆಯ ಮೇಲೆ ಎರಡೂ ಕಡೆಯ ಗಾಡಿಗಳು ಒಂದರ ಹಿಂದೊಂದು ತೆವಳುತ್ತಿದ್ದವು. ಅವನಿಗೂ ಟೆಂಪೋಗೂ ನಡುವೆ ಮೂರು ಲಾರಿ, ಒಂದು ಮೀನಿನ ಗಾಡಿ. ಕಾರವಾರ ದಾಟಿ, ಸುರಂಗ ದಾಟಿ, ಚೆಂಡಿಯಾದ ಹತ್ತಿರ ಒಮ್ಮೆ ಟೆಂಪೋದ ಬೆನ್ನು ಕಂಡಿತು, ಮತ್ತೆ ಮರೆಯಾಯಿತು. ಕಾಲುಗಳ ನಡುವೆ ಫ್ಲಾಸ್ಕನ್ನು ಹಸುಗೂಸಿನ ಹಾಗೆ ಹಿಡಿದುಕೊಂಡು ಸುನಿಲ ಹಿಂದೆ ಬಿದ್ದಿದ್ದ.

ಅಂಕೋಲೆಯ ಮೈದಾನದಲ್ಲಿ ಯಶೋದಾ ಮತ್ತು ಅವಳ ತಂಗಿಯ ಮನೆಯ ಏಳು ಜನ ಬಾರಿಸಲು ಸ್ಟೀಲ್ ತಟ್ಟೆ ಹಿಡಿದು ನಿಂತಿದ್ದರು. ಗಂಡನನ್ನು ಕಂಡು ಯಶೋದಾ ತಟ್ಟೆ ಕೆಳಗಿಳಿಸಿದಳು. ಆಮೇಲೆ ನಕ್ಕಳು. ಅಂಥ ನಗು ಅವನು ಕಂಡು ಬಹಳ ಕಾಲವಾಗಿತ್ತು.

"ಬಂದ್ರಾ ನೀವು! ಪೂರ್ಣಿಗೆ ಗೊತ್ತುಂಟಾ?"

"ಇಲ್ಲ. ಈಗ ನೋಡು ಅವಳ ಮುಖ" ಎಂದು ಸುನಿಲ ಟೆಂಪೋದ ಬಾಗಿಲಿಗೆ ಹೋಗಿ ನಿಂತ.

ಹುಡುಗಿಯರು ಒಬ್ಬೊಬ್ಬರಾಗಿ ಇಳಿದರು. ಹನ್ನೊಂದು ಜನ, ಪೂರ್ಣಿಮಾ ಇಲ್ಲ. ಕೊನೆಗೆ ಇಳಿದವರು ಆಟದ ಮಾಸ್ತರರಾದ ಹೇರಂಬ ಹೆಗಡೆ.

"ಅರೆ, ನೀವ್ಯಾಕೆ ಇಲ್ಲಿ? ಹೊಟ್ಟೆ ಹೇಗುಂಟು ಮಗಳದ್ದು?"

"ಯಾರ ಹೊಟ್ಟೆ?"

"ಪೂರ್ಣಿಮಾಳದ್ದು ಮಾರಾಯ್ರೆ! ಬೆಳಿಗ್ಗೆಯಿಂದ ಭೇದಿಯಂತೆ, ಬೀರಾ ಹೇಳಿದ. ಹೋದ ವರ್ಷ ಹೀಗೇ ಒಬ್ಬಳನ್ನ ಹತ್ತಿಸ್ಕೊಂಡು ಬಂದು, ದಾರಿ ನಡುವೆ ಅವರ್ಸಾದಲ್ಲಿ ಟೆಂಪೋ ತೊಳೆಯುವಷ್ಟರಲ್ಲಿ ಪಂದ್ಯವೇ ಮುಗಿದಿತ್ತು. ಅದಕ್ಕೇ ಇಳಿಸಿ, ಸೈಕಲ್ ಮೇಲೆ ಗದ್ದೆಯ ಒಳದಾರಿಯಲ್ಲಿ ಮನೆಗೆ ಕಳಿಸ್ದೆ."

"ಅವಳಿಗೆ ಎಂತದೂ ಆಗಲಿಲ್ಲ ಸರ್!"

"ಅವಳೂ ಹಾಗೇ ಹೇಳಿದ್ಲು. ಅತ್ತಳು ಪಾಪ. 'ನಮ್ಮ ಪಪ್ಪನ್ನೇ ಕೇಳಿ ಸರ್' ಅಂದ್ಲು. ಬರೇ ಗಾಳಿಮಾತು ನಾನೂ ನಂಬೂದಿಲ್ಲ. ನಿಮ್ಮ ನಂಬರಿಗೇ ಫೋನ್ ಮಾಡ್ದೆ. ಹರಿಶ್ಚಂದ್ರ ಕಾಂಪೌಂಡರು ಎತ್ತಿದ್ರು. 'ಅಪ್ಪನೇ ನನ್ನ ಕಣ್ಣೆದುರು ಕೂವೆ ಗಂಜಿ ಕಾಸಿ ತಗೊಂಡು ಹೊರಟಿದ್ದಾನೆ' ಅಂದ್ರು. ಅಪ್ಪನೇ ಗಂಜಿ ಕಾಸಿದ ಮೇಲೆ ನಾನೆಂತ ಮಾಡ್ಲಿ?"

ಮಾಸ್ತರರ ಕಣ್ಣು ಫ್ಲಾಸ್ಕಿನ ಮೇಲೆ ಬಿತ್ತು. "ಇದೇ ಗಂಜಿಯಾ?"

ಸುನಿಲ ಫ್ಲಾಸ್ಕನ್ನು ಬೆನ್ನ ಹಿಂದೆ ಸರಿಸಿದ. ಈಗಲೇ ಹೋಗಿ ಕರೆತರುತ್ತೇನೆಂದ. ಆಟ ಹತ್ತೂವರೆಗೆ, ಹೆಸರಿನ ಪಟ್ಟಿ ಬದಲಿಸಿ ಕೊಟ್ಟಾಗಿದೆ ಎಂದರು ಮಾಸ್ತರರು. ಮಗಳ ಆಟಕ್ಕೆ ಸುನಿಲ ಸಮಯಕ್ಕೆ ಸರಿಯಾಗಿ ಬಂದದ್ದು ಅದೇ ಮೊದಲು. ಹಿಂದಿನಿಂದ ತಂಗಿಯ ಮನೆಯ ಚಿಕ್ಕವನೊಬ್ಬ ತಡೆಯಲಾರದೆ ತಟ್ಟೆ ಬಾರಿಸಿದ. ಯಶೋದಾ ಆ ಹುಡುಗನ ಕೈ ಹಿಡಿದುಕೊಂಡಳು.

ಮನೆಗೆ ತಿರುಗಿ ಬರುವ ದಾರಿಯುದ್ದಕ್ಕೂ ಸುನಿಲ ನಡೆದದ್ದನ್ನೆಲ್ಲ ಹೇಳಿದ. ಹಿಂದೆ ಕುಳಿತ ಯಶೋದಾ ಕಾಳಿ ಸೇತುವೆ ಬರುವವರೆಗೂ ಕೇಳಿ, ಅಲ್ಲಿ ಒಂದೇ ಮಾತು ಆಡಿದಳು. "ಚಾಕಲೇಟ್ ಅಂತ ಹೇಳೂಕೆ ಎಂತಾಗಿತ್ತು ನಿಮಗೆ?"

ಮನೆಯ ಜಗಲಿಯಲ್ಲಿ ಕಾಂಪೌಂಡರು ಸುನಿಲನ ಫೋನು ಹಿಡಿದು ಕುಳಿತಿದ್ದರು. "ಬಂದ ಫೋನೆಲ್ಲ ನಾನೇ ಎತ್ತಿದ್ದೇನೆ, ಚಿಂತೆ ಬೇಡ. ನಿನ್ನ ಕೆಲಸದವರಿಗೂ ಎರಡು ದಿನ ಬರೂದಿಲ್ಲ ಹೇಳಿ ಆಯ್ತು. ಹಾಂ, ಮಾಸ್ತರರು ಮಾಡಿದ್ರು. ಎರಡು ಅಂಕದಲ್ಲಿ ಸೋತ್ರಂತೆ."

ಒಳಗೆ ಪೂರ್ಣಿಮಾ ಏಳು ನಂಬರಿನ ಅಂಗಿಯಲ್ಲೇ ಚಾಪೆಯ ಮೇಲೆ ಕುಳಿತಿದ್ದಳು. ನಾಗಿ ಆಯಿ ಎರಡು ಲೋಟ ಕೂವೆ ಗಂಜಿ ಕುಡಿಸಿ, ಮೂರನೆಯದನ್ನು ಆರಿಸುತ್ತಿದ್ದಳು. ಇಲ್ಲ ಎಂದಷ್ಟೂ ಆಯಿಗೆ ರೋಗ ಜೋರೆಂದು ಕಂಡಿತ್ತು.

ಸುನಿಲ ಫ್ಲಾಸ್ಕ್ ತೆರೆದ. ಬೋರಲು ಹಾಕಿದ, ತಟ್ಟಿದ. ಕೊನೆಗೆ ಚಮಚದಿಂದ ಕೆತ್ತಿ ಕಪ್ಪಿಗೆ ಹಾಕಿ ಮಗಳ ಮುಂದಿಟ್ಟ. ಚಮಚ ನಿಂತಿತು.

ಪೂರ್ಣಿಮಾ ಆ ಚಮಚವನ್ನೇ ನೋಡಿದಳು. "ಗೋವಾದ್ದು!" ಎಂದಳು. ಒಂದು ಗಳಿಗೆ ಅವಳಿಗೆ ಮತ್ತೆ ಎಂಟು ವರ್ಷ. "ನೀನೇ ಮಾಡಿದ್ಯಾ ಪಪ್ಪಾ?"

"ನಾನೇ. ಬೆಳಿಗ್ಗೆ."

ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಮತ್ತೆ ತೆರೆದಳು. ಎರಡು ಲೋಟ ಕುಡಿದ ನಾಲಿಗೆಗೆ ಏನೋ ಪರಿಚಯ ಹತ್ತಿತ್ತು.

"ಇಷ್ಟು ದಪ್ಪ ಹೆಂಗೆ ಬಂತು? ಎಂತ ಹಾಕ್ದೆ?"

ಬೆಲ್ಲ ಎನ್ನಬಹುದಿತ್ತು. ಆ ದಿನಕ್ಕೆ ಒಂದು ಬೆಲ್ಲ ಸಾಕಾಗಿತ್ತು.

"ಕೂವೆ ಹಿಟ್ಟು" ಎಂದ ಸುನಿಲ. "ಎರಡು ಚಮಚ."

ಪೂರ್ಣಿಮಾ ನಾಗಿ ಆಯಿಯ ಲೋಟ ನೋಡಿದಳು. ಜಗಲಿಯ ಕಾಂಪೌಂಡರನ್ನು ನೋಡಿದಳು. ಆಮೇಲೆ ಅಪ್ಪನನ್ನು. ಕಬಡ್ಡಿಯಲ್ಲಿ ಎದುರಿನ ಏಳು ಜನರನ್ನು ಒಂದೇ ನೋಟದಲ್ಲಿ ಅಳೆಯುವ ಹುಡುಗಿ. ಅವಳಿಗೆ ಇನ್ನೇನೂ ಹೇಳಬೇಕಾಗಲಿಲ್ಲ.

"ಹೊಟ್ಟೆ ಕೆಟ್ಟ ಕೂಸಿಗೆ ಚಾಕಲೇಟ್ ತಿನ್ನಿಸ್ತ್ಯಲ್ಲ, ಬುದ್ಧಿ ಉಂಟಾ ನಿಂಗೆ?" ಎಂದು ನಾಗಿ ಆಯಿ ಕಪ್ಪನ್ನು ಎತ್ತಿಕೊಂಡಳು. ಪೂರ್ಣಿಮಾ ತಡೆಯಲಿಲ್ಲ.

"ಚೆಂದ ಆಗಿದೆ ಪಪ್ಪಾ" ಎಂದು ಎದ್ದು, ಅಂಗಿ ಬದಲಿಸಲು ಒಳಗೆ ಹೋದಳು.

ಆರು ವರ್ಷಗಳ ಹಿಂದೆ ಕೊಟ್ಟ ಮಾತನ್ನು ಸುನಿಲ ಆ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ನಡೆಸಿಕೊಟ್ಟ.